ಕಂಡಕ್ಟರ್‌ಗೆ ಎಲ್ಲಿಯ ಟಿಕೆಟ್ಟು

ನಮ್ಮಪ್ಪ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ನಿವೃತ್ತಿಯಾದ ದಿನ ಚರ್ಮದ ಚೀಲ, ಸೀಟಿ ಎರಡನ್ನೂ ಡಿಪೋಗೆ ಒಪ್ಪಿಸಿ ಬಂದ. ದನಿಯನ್ನು ಮಾತ್ರ ಯಾರೂ ವಾಪಸ್ ಕೇಳಲಿಲ್ಲವಾದ್ದರಿಂದ ಅದು ಮನೆಯಲ್ಲೇ ಉಳಿಯಿತು.

ಮನೆಯೆಂದರೆ ಎರಡನೇ ಮಹಡಿಯಲ್ಲಿ ಎರಡು ರೂಮು, ಒಂದು ಅಡುಗೆಮನೆ, ನಡುವೆ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದಷ್ಟು ಅಗಲದ ಪ್ಯಾಸೇಜು. ಒಂದು ರೂಮಿನಲ್ಲಿ ಅಪ್ಪ, ಅಮ್ಮ. ಇನ್ನೊಂದರಲ್ಲಿ ಅಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆ. ಅಮ್ಮನಿಗೆ ಸಕ್ಕರೆ ಕಾಯಿಲೆ. ಅತ್ತೆಗೆ ಹಾರ್ಟಿನ ತೊಂದರೆ, ಜೊತೆಗೆ ಮರೆವು. ಅಪ್ಪನಿಗೆ ಬಿಪಿ. ನಾನು ಎರಡು ಬೀದಿ ಆಚೆ ಇದ್ದೇನೆ, ಕೊರಿಯರ್ ಆಫೀಸಿನ ಕೆಲಸ ಮುಗಿಸಿ ಸಂಜೆ ಹೋಗಿ ನೋಡಿಕೊಂಡು ಬರುತ್ತೇನೆ. ಮೂವರ ಮಾತ್ರೆಗಳ ಜವಾಬ್ದಾರಿ ಯಾರದು ಎಂಬ ಪ್ರಶ್ನೆ ಬಂದಾಗ ಅಪ್ಪ, ಹಳೆಯ ಛತ್ರಿ ಬಟ್ಟೆಯಲ್ಲಿ ಅಮ್ಮನಿಂದ ಒಂದು ಚೀಲ ಹೊಲಿಸಿಕೊಂಡು ಹೆಗಲಿಗೆ ಹಾಕಿಕೊಂಡ. ಅಲ್ಲಿಗೆ ಪ್ರಶ್ನೆ ಮುಗಿಯಿತು.

ಬೆಳಗಿನ ತಿಂಡಿಯಾದ ಮೇಲೆ ಅಪ್ಪ ಪ್ಯಾಸೇಜಿನಲ್ಲಿ ನಿಲ್ಲುತ್ತಾನೆ. ಮನೆ ಅಲುಗಾಡದಿದ್ದರೂ ಒಂದು ಭುಜವನ್ನು ಗೋಡೆಗೆ ಆನಿಸುತ್ತಾನೆ.

"ಯಾರ್ರೀ ತಿಂಡಿ ಆದ್ಮೇಲಿಂದು? ತಿಂಡಿ ಆದ್ಮೇಲಿಂದು ಯಾರು? ಒಳಗೆ ಬನ್ನಿ, ಬಾಗ್ಲಲ್ಲಿ ನಿಲ್ಬೇಡಿ!"

ಬಾಗಿಲಲ್ಲಿ ಯಾರೂ ನಿಂತಿರುವುದಿಲ್ಲ. ಅಮ್ಮ ಪಾತ್ರೆ ತೊಳೆಯುತ್ತಾ "ಆಮೇಲೆ ತಗೋತೀನ್ರೀ" ಎನ್ನುತ್ತಾಳೆ. ಆಮೇಲೆ ಎನ್ನುವವರನ್ನು ಅಪ್ಪ ಜೀವಮಾನವಿಡೀ ನೋಡಿದ್ದಾನೆ. "ಮುಂದಿನ ಸ್ಟಾಪಲ್ಲಿ ಇಳಿದು ಓಡೋರೇ ಹಂಗನ್ನೋದು" ಎಂದು ಶೀಟಿನಿಂದ ಒಂದು ಮಾತ್ರೆ ಕತ್ತರಿಸಿ, ನೀರಿನ ಲೋಟ ಹಿಡಿದು, ಅವಳು ನುಂಗುವವರೆಗೆ ಜಾಗ ಬಿಟ್ಟು ಕದಲುವುದಿಲ್ಲ. ಅತ್ತೆಯದು ಬೇರೆ ಕಥೆ. ಮಾತ್ರೆ ನುಂಗಿದ್ದು ಅವಳಿಗೆ ನೆನಪಿರುವುದಿಲ್ಲ, ಇನ್ನೊಂದು ಕೇಳುತ್ತಾಳೆ. ಅದಕ್ಕೇ ಅಪ್ಪ ಶೀಟಿನ ಖಾಲಿ ತುಂಡನ್ನು ಅವಳ ಕೈಗೇ ಕೊಟ್ಟಿರುತ್ತಾನೆ.

"ಟಿಕೆಟ್ ನಿನ್ ಕೈಯಲ್ಲೇ ಇದೆಯಲ್ಲಕ್ಕಾ."

ಅತ್ತೆ ಮುಷ್ಟಿ ಬಿಡಿಸಿ ನೋಡಿ ಒಪ್ಪಿಕೊಳ್ಳುತ್ತಾಳೆ. ಅಪ್ಪ "ರೈಟ್!" ಎಂದು ಕೂಗಿ, ಚೀಲವನ್ನು ಮೊಳೆಗೆ ನೇತುಹಾಕಿ ಪೇಪರು ಹಿಡಿದು ಕೂರುತ್ತಾನೆ.

ಆ ಮನೆಯಲ್ಲಿ ಒಂದು ಮಾತ್ರೆಯೂ ತಪ್ಪುವುದಿಲ್ಲವೆಂದು ನಾನು ಆಫೀಸಿನಲ್ಲಿ ಜಂಬ ಕೊಚ್ಚಿಕೊಂಡಿದ್ದೆ. ಒಂದು ಸಂಜೆ ಮೆಡಿಕಲ್ ಶಾಪಿನವನು ಕೇಳಿದ: "ಡಾಕ್ಟ್ರು ನಿಮ್ಮಪ್ಪನ ಬಿಪಿ ಮಾತ್ರೆ ನಿಲ್ಸಿಬಿಟ್ರಾ? ತಗೊಂಡು ಹೋಗಿ ತುಂಬಾ ದಿನ ಆಯ್ತಲ್ಲ."

ಇದನ್ನು ಬಿಟ್ಟರೆ ಒಂದಲ್ಲ ಒಂದು ದಿನ ಲಕ್ವ ಹೊಡೆಯುತ್ತದೆ ಎಂದು ಡಾಕ್ಟರು ನನ್ನ ಎದುರಿಗೇ ಹೇಳಿದ್ದರು. ಹೋಗಿ ಚೀಲ ತೆಗೆದು ನೋಡಿದೆ. ಅಪ್ಪನ ಮಾತ್ರೆಗಳು ತಳದಲ್ಲಿ, ಅಂಗಡಿಯವನು ಹಾಕಿಕೊಟ್ಟ ರಬ್ಬರ್ ಬ್ಯಾಂಡ್ ಸಮೇತ ತಣ್ಣಗೆ ಕೂತಿದ್ದವು.

"ಅಪ್ಪಾ, ಇದೇನಿದು?"

ಅಪ್ಪ ನೋಡಿದ. ಕಳ್ಳತನದಲ್ಲಿ ಸಿಕ್ಕಿಬಿದ್ದವನ ಮುಖವಲ್ಲ ಅದು, ನಿಜವಾಗಿಯೂ ಆಶ್ಚರ್ಯಪಟ್ಟವನದು.

"ಎಲ್ರಿಗೂ ಕೊಟ್ನಲ್ಲೇ."

"ನಿಂಗೆ?"

"ಕಂಡಕ್ಟರ್‌ಗೆ ಎಲ್ಲಿಯ ಟಿಕೆಟ್ಟೇ?"

ನನಗೆ ಮೈಯೆಲ್ಲಾ ಉರಿದುಹೋಯಿತು. ಈ ಮನುಷ್ಯ ಜೀವಮಾನವಿಡೀ ಬಸ್ಸಿನಲ್ಲಿ ತಲೆ ಎಣಿಸಿದ್ದಾನೆ, ಒಮ್ಮೆಯೂ ತನ್ನದನ್ನು ಎಣಿಸಿಲ್ಲ. ಬಾಯಿಗೆ ಬಂದಂತೆ ಬೈದೆ. ಮಾರನೆಯ ದಿನ ನೆನಪಿಟ್ಟು ನುಂಗಿದ. ಅದರ ಮಾರನೆಯ ದಿನ ಎಲ್ಲರಿಗೂ ಕೊಟ್ಟು "ರೈಟ್" ಎಂದ. ಅವನ ಪ್ರಕಾರ ರೈಟ್ ಎಂದಮೇಲೆ ಬಸ್ಸು ಹೊರಟಾಯಿತು. ಅಮ್ಮ ಜ್ಞಾಪಿಸಿದರೆ ಪ್ಯಾಸೆಂಜರುಗಳ ಮಾತೆಂದು ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಫೋನು ಮಾಡಿದರೆ "ಆಯ್ತು, ಆಯ್ತು" ಎಂದ. ಏನೂ ಆಗಿರಲಿಲ್ಲ.

ಒಂದು ಬೆಳಿಗ್ಗೆ ಹಾಲು ತಂದು ಮೆಟ್ಟಿಲು ಹತ್ತುತ್ತಿದ್ದವನು ಕಣ್ಣು ಕತ್ತಲೆ ಬಂದು ಕೂತುಬಿಟ್ಟ. ಹಾಲು ಕೆಳಗಿನ ಮನೆಯವರ ಬಾಗಿಲವರೆಗೂ ಹರಿದಿತ್ತು. "ಇನ್ನೊಂದ್ಸಲ ಆದ್ರೆ ಕೂರಲ್ಲ, ಮಲಗ್ತೀರಿ" ಎಂದರು ಡಾಕ್ಟರು. ನನಗೆ ಹೆದರಿಕೆಯಾಯಿತು. ಆ ಪ್ಯಾಸೇಜಿನಲ್ಲಿ ಅವನ ಕೂಗು ಇಲ್ಲದಿರುವುದನ್ನು ಊಹಿಸಿಕೊಂಡೆ. ಮುಂಚೆ ತಲೆನೋವೆನ್ನಿಸುತ್ತಿದ್ದ ಕೂಗೇ ಅದು.

ಮರುದಿನ ರಜಾ ಹಾಕಿ ಕಾವಲು ಕೂತೆ. ಅಪ್ಪ ಕೊಟ್ಟ, ಕೂಗಿದ, ಚೀಲ ನೇತುಹಾಕಿದ. ನಾನು ಹಲ್ಲು ಕಚ್ಚಿಕೊಂಡು ಹೇಳಿದೆ:

"ಅತ್ತೆ, ನಿಮ್ ಟಿಕೆಟ್ ಇದೆ, ಅಮ್ಮಂದೂ ಇದೆ. ಅಪ್ಪಂದು ಎಲ್ಲಿ ಅಂತ ಕೇಳಿ."

ಅತ್ತೆ ಕನ್ನಡಕ ಏರಿಸಿ, ಗೋಡೆ ಹಿಡಿದುಕೊಂಡು ಬಂದು ಅಪ್ಪನ ಮುಂದೆ ನಿಂತಳು.

"ಚೆಕಿಂಗು. ಎಲ್ಲೋ ನಿನ್ ಟಿಕೆಟ್ಟು?"

ಕಂಡಕ್ಟರುಗಳು ಹೆಂಡತಿಗೆ ಹೆದರದಿರಬಹುದು, ಡಾಕ್ಟರಿಗೆ ಹೆದರದಿರಬಹುದು. ನಡುದಾರಿಯಲ್ಲಿ ಬಸ್ಸು ಹತ್ತುವ ಚೆಕಿಂಗಿನವರಿಗೆ ಹೆದರದ ಕಂಡಕ್ಟರಿಲ್ಲ. ಅಪ್ಪ ಎದ್ದು ನಿಂತ. ಕೈ ತಾನಾಗಿ ಜೇಬಿಗೆ ಹೋಯಿತು. ಜೇಬಿನಲ್ಲಿ ಏನೂ ಇರಲಿಲ್ಲ. ಮುಖ ಸಪ್ಪಗಾಯಿತು. ಸುಮ್ಮನೆ ಹೋಗಿ ಚೀಲ ಇಳಿಸಿ, ಮಾತ್ರೆ ನುಂಗಿ, ಖಾಲಿ ತುಂಡು ತಂದು ಒಪ್ಪಿಸಿದ. ಅತ್ತೆ ಅದರಲ್ಲಿ ಮಾತ್ರೆಯಿದ್ದ ಹಳ್ಳವನ್ನು ಹೆಬ್ಬೆರಳಿನಿಂದ ಸವರಿ ನೋಡಿ "ರೈಟ್" ಎಂದು ವಾಪಸ್ ಕೊಟ್ಟಳು.

ಚೆಕಿಂಗ್ ಮಾಡಿದ್ದೂ ಅತ್ತೆಗೆ ನೆನಪಿರುವುದಿಲ್ಲ ಎಂಬುದು ಆಮೇಲೆ ಹೊಳೆಯಿತು. ಪೇಪರು ಓದುವಾಗ ಬಂದು ಕೇಳುತ್ತಾಳೆ, ಊಟಕ್ಕೆ ಕೂತಾಗ ಕೇಳುತ್ತಾಳೆ, ಬಚ್ಚಲಮನೆಯ ಬಾಗಿಲು ಬಡಿದು ಕೇಳುತ್ತಾಳೆ. ಅಪ್ಪ ಆ ತುಂಡನ್ನು ದಿನವಿಡೀ ಅಂಗಿಯ ಜೇಬಿನಲ್ಲಿಟ್ಟುಕೊಂಡು ಪ್ರತಿ ಸಲವೂ ತೆಗೆದು ತೋರಿಸುತ್ತಾನೆ. "ಇಡೀ ಸರ್ವಿಸಲ್ಲಿ ಇಷ್ಟು ಚೆಕಿಂಗ್ ಆಗಿರ್ಲಿಲ್ಲ" ಎಂದು ಗೊಣಗುತ್ತಾನೆ. ಅಂತೂ ಬಿಪಿ ಇಳಿಯಿತು. ಬರಬರುತ್ತಾ ಅತ್ತೆ ನನ್ನನ್ನು ಮರೆತಳು, ತಮ್ಮನನ್ನೂ ಮರೆತಳು. "ಈ ಕಂಡಕ್ಟರ್ ಒಳ್ಳೇವ್ನು ಕಣಮ್ಮ. ಆದ್ರೆ ಒಂದು ಕಣ್ಣಿಟ್ಟಿರ್ಬೇಕು" ಎಂದು ನನಗೇ ಬುದ್ಧಿ ಹೇಳುತ್ತಿದ್ದಳು.

ಹೋದ ವಾರ ಅತ್ತೆಗೆ ಜ್ವರ ಬಂತೆಂದು ನಾನು ಬೆಳಿಗ್ಗೆಯೇ ಹೋಗಿದ್ದೆ. ಅಪ್ಪ ಅವಳಿಗೆ ಮಾತ್ರೆಯನ್ನು ಚಮಚದಲ್ಲಿ ಕರಗಿಸಿ ಕುಡಿಸಿ, ಅಮ್ಮನಿಗೆ ಕೊಟ್ಟು, ತಾನೂ ನುಂಗಿ ಕೂತ. ಪೇಪರು ಮಡಿಲಲ್ಲಿತ್ತು, ಬಿಡಿಸಿರಲಿಲ್ಲ. ಅತ್ತೆಯ ರೂಮಿನಿಂದ ಸದ್ದೇ ಇಲ್ಲ.

"ನುಂಗಿದ್ಯಲ್ಲಪ್ಪಾ?" ಎಂದೆ.

"ನುಂಗ್ದೆ. ಯಾರೂ ಕೇಳ್ಲಿಲ್ವಲ್ಲೇ."

ಎದ್ದು ಹೋಗಿ ಅವಳ ಮಂಚದ ಪಕ್ಕ, ಗೋಡೆಗೆ ಭುಜ ಆನಿಸಿ ನಿಂತ.

"ಅಕ್ಕಾ, ಇವತ್ತು ಚೆಕಿಂಗ್ ಇಲ್ವಾ?"

ಅಪ್ಪ ತುಂಡನ್ನು ಹಿಡಿದುಕೊಂಡೇ ನಿಂತಿದ್ದ.

"ಅಕ್ಕಾ, ನಿನ್ ಸ್ಟಾಪ್ ಇನ್ನೂ ಬಂದಿಲ್ಲ. ಎದ್ದೇಳು."

ಸ್ವಲ್ಪ ಹೊತ್ತಿನ ಮೇಲೆ ಹೊದಿಕೆಯೊಳಗಿಂದ ಒಂದು ಕೈ ಹೊರಬಂತು. ಅಪ್ಪ ಅದರಲ್ಲಿ ತುಂಡನ್ನಿಟ್ಟ. ಹೆಬ್ಬೆರಳು ಮೆಲ್ಲಗೆ ಹುಡುಕಿ ಹಳ್ಳವನ್ನು ಮುಟ್ಟಿತು.

"ರೈಟ್" ಎಂದಳು ಅತ್ತೆ, ಕಣ್ಣು ತೆರೆಯದೆ.

ಅಪ್ಪ ಟಿಕೆಟ್ಟನ್ನು ವಾಪಸ್ ಜೇಬಿಗೆ ಹಾಕಿಕೊಂಡ. ಮತ್ತೆ ಕೇಳಲಿ ಎಂದು ಅಲ್ಲೇ ನಿಂತ.