ಮೂಲೆಮನೆಯ ವಸೂಲಿ

ಎನಿಡ್ ಕ್ಲೆಗ್ ಮೆಟ್ಟಿಲು ಇಳಿಯುವುದು ಕೂತುಕೊಂಡೇ. ಹದಿಮೂರು ಮೆಟ್ಟಿಲು. ಮಂಡಿ ಕೈಕೊಟ್ಟು ಎರಡು ವರ್ಷವಾಗಿತ್ತು. ಅದಕ್ಕೇ ರಾಚ್‌ಡೇಲಿನ ಈ ಮನೆ ಮಾರಿ, ಮೋರ್ಕಮ್‌ನಲ್ಲಿ ತಂಗಿ ಮೇವಿಸ್ ಇರುವ ಬೀದಿಯಲ್ಲೇ ಮೆಟ್ಟಿಲಿಲ್ಲದ ಎರಡು ಕೋಣೆ ಹಿಡಿಯುವುದೆಂದು ನಿಶ್ಚಯವಾಗಿತ್ತು. ಕೊಳ್ಳುವವರೂ ಸಿಕ್ಕಿದ್ದರು. ತಟ್ಟೆಗಳನ್ನೆಲ್ಲ ಹಳೇ ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿಯಾಗಿತ್ತು. ಹೊರಗೆ ಉಳಿದದ್ದು ಒಂದು ತಟ್ಟೆ, ಒಂದು ಲೋಟ.

ಆ ವಾರ ಕಾಗದ ಬಂತು. ಮನೆ ಅವಳದಾದರೂ ಅದರಡಿಯ ನೆಲ ಎಂದೂ ಅವಳದಲ್ಲ, ಒಂಬೈನೂರ ತೊಂಬತ್ತೊಂಬತ್ತು ವರ್ಷದ ಗುತ್ತಿಗೆಯದು. ಆ ನೆಲವನ್ನು ಈಗ ಲಂಡನ್ನಿನ ಯಾವುದೋ ಕಂಪನಿ ಕೊಂಡಿತ್ತಂತೆ. ಅವಳ ಮನೆಯೂ ಸೇರಿ ಇಡೀ ಮನೆಸಾಲಿನ ಆರು ವರ್ಷದ ನೆಲಬಾಡಿಗೆ ಬಾಕಿ, ಅರವತ್ತು ಪೌಂಡು. ತಡವಾದದ್ದಕ್ಕೆ, ಕಾಗದ ಬರೆದದ್ದಕ್ಕೆ ಅಂತ ಅದರ ಮೇಲೆ ಏಳುನೂರ ನಲವತ್ತು. ಕಟ್ಟದಿದ್ದರೆ ಕೋರ್ಟು. ರಸೀದಿ ಇಲ್ಲದೆ ಮನೆ ಮಾರುವ ಹಾಗೂ ಇರಲಿಲ್ಲ.

ಇಡೀ ಸಾಲಿನದು ಅವಳ ಹೆಸರಿಗೇ ಬಂದದ್ದು ಗಂಡ ವಿಲ್ಫ್‌ನಿಂದ. ಬೀದಿಯ ಈ ಬದಿಯಲ್ಲಿ ಎರಡರಿಂದ ಹತ್ತರವರೆಗಿನ ಸಮ ನಂಬರಿನ ಐದು ಮನೆಗೂ ಸೇರಿ ಒಂದೇ ಗುತ್ತಿಗೆ, ವರ್ಷಕ್ಕೆ ಹತ್ತು ಪೌಂಡು. ಮೂಲೆಮನೆಯವರು, ಅಂದರೆ ಎರಡನೇ ನಂಬರಿನ ಇವರು, ಎಲ್ಲರಿಂದ ಎತ್ತಿ ಕಟ್ಟುವುದು ಹಿಂದಿನಿಂದ ಬಂದ ರೂಢಿ. ಪ್ರತಿ ಮಾರ್ಚಿನಲ್ಲಿ ವಿಲ್ಫ್ ಕೋಕೋ ಡಬ್ಬಿ ಹಿಡಿದು ಹೊರಟು, ಎರಡೆರಡು ಪೌಂಡು ಎತ್ತಿ, ಪೇಟೆಯ ಏಜೆಂಟನಿಗೆ ಕೊಟ್ಟು ಬರುವನು. ಏಜೆಂಟ್ ಸತ್ತ, ಅದೇ ವರ್ಷ ವಿಲ್ಫನೂ ಹೋದ. ಆಮೇಲೆ ಯಾರೂ ಕೇಳಲಿಲ್ಲ, ಇವಳೂ ಯಾರ ಬಾಗಿಲೂ ತಟ್ಟಲಿಲ್ಲ.

ವಕೀಲ ಟ್ಯಾಟರ್ಸಾಲ್ ಕಾಗದ ಓದಿ ಕನ್ನಡಕ ತೆಗೆದರು. ಕೇಳದೇ ಇದ್ದ ಬಾಡಿಗೆಗೆ ತಡವಾಯಿತು ಅನ್ನುವ ಹಾಗಿಲ್ಲ, ದಂಡ ಕೊಡಬೇಡಿ ಅಂದರು. ಆಮೇಲೆ ಮೆಲ್ಲಗೆ, "ನಿಮ್ಮ ಪಾಲು ಹನ್ನೆರಡು ಮಾತ್ರ ಕಳಿಸಿ, ಮಿಸೆಸ್ ಕ್ಲೆಗ್. ವಸೂಲಿ ನಿಮ್ಮ ಕೆಲಸ ಅಂತ ಎಲ್ಲೂ ಬರೆದಿಲ್ಲ. ಬೇರೆ ಮನೆಗಳ ಮಾತೇ ಎತ್ತಬೇಡಿ" ಅಂದರು.

ಆಯಿತು ಅಂದು ಬಂದಳು. ಬಂದು ಯೋಚಿಸಿದಳು. ತಾನು ಹನ್ನೆರಡು ಕಳಿಸಿ ಕೈತೊಳೆದುಕೊಂಡರೆ ಇದೇ ಕಾಗದ, ಇದೇ ದಂಡ ಪಕ್ಕದ ನಸ್ರೀನ್‌ಗೆ ಹೋಗುತ್ತದೆ. ಎರಡು ಕೂಸು ಕಟ್ಟಿಕೊಂಡ ಹೆಂಗಸು. ವಿಲ್ಫ್ ಒಂದು ವರ್ಷವೂ ಹತ್ತಕ್ಕೆ ಕಡಿಮೆ ಕೊಟ್ಟವನಲ್ಲ. ಎನಿಡ್ ಡಬ್ಬಿ ಹುಡುಕಿ ತೆಗೆದಳು.

ನಸ್ರೀನ್ ಹನ್ನೆರಡು ಪೌಂಡಿನ ಜೊತೆಗೆ ಬಿಸಿ ಸಮೋಸವನ್ನೂ ಕೊಟ್ಟಳು. ಆರನೇ ನಂಬರಿನವರೂ ಹತ್ತನೆಯವರೂ ಗೊಣಗಿಕೊಂಡು ಕೊಟ್ಟರು. ಎಂಟನೇ ನಂಬರಿನಲ್ಲಿ ಬಾಡಿಗೆಗಿದ್ದ ಗಾರೆಯವ ಬ್ಯಾರಿ ಬಾಗಿಲಿಗೆ ಒರಗಿ ನಿಂತ.

"ನೆಲಕ್ಕೂ ಬಾಡಿಗೆಯಾ, ಎನಿಡಮ್ಮ? ಮುಂದಿನ ತಿಂಗಳು ಮಳೆಗೆ ಕೇಳೋಕೆ ಬರ್ತೀರೇನೋ."

"ಮಳೆ ಈ ಊರಲ್ಲಿ ಬಿಟ್ಟಿ ಕಣಪ್ಪ. ಅದಕ್ಕೇ ಇಷ್ಟೊಂದು ಕೊಡ್ತಾರೆ."

ಮನೆಯ ಯಜಮಾನ ಸ್ಪೇನಿನಲ್ಲಿದ್ದಾನೆ, ಅವನನ್ನೇ ಕೇಳಿ ಅಂದ ಬ್ಯಾರಿ. ಆ ಮನೆಯ ಪಾಲು ಎನಿಡ್ ತಾನೇ ಹಾಕಿದಳು. ಕಂಪನಿಗೆ ಕಳಿಸಿದ ಅರವತ್ತು ಪೌಂಡಿನ ಚೆಕ್ಕಿನ ಜೊತೆ ಒಂದು ಪಟ್ಟಿ ಬರೆದಿಟ್ಟಳು: ಯಾವ ಮನೆ, ಎಷ್ಟು, ಯಾವತ್ತು. ಎಂಟರ ಮುಂದೆ "ನಾನು ಕೊಟ್ಟೆ" ಎಂದೂ ಬರೆದಳು.

ಮೂರು ವಾರಕ್ಕೆ ಉತ್ತರ ಬಂತು, ಬಹಳ ಮರ್ಯಾದೆಯಿಂದ. ದಂಡ ಬಿಟ್ಟಿದ್ದರು. ರಸೀದಿ ಇತ್ತು. ಹಾಳೆ ತಿರುವಿದಳು. ತಾವು ಕಳಿಸಿದ ಪಟ್ಟಿಯಿಂದ, ಸಾಲಿನ ಬಾಡಿಗೆ ಎತ್ತಿ ಕಟ್ಟುವ ಹೊಣೆ ಎರಡನೇ ನಂಬರಿನ ಮನೆಯದೆಂದು ಖಚಿತವಾಯಿತು. ಮುಂದೆಯೂ ಹಾಗೆಯೇ, ಮನೆ ಕೊಳ್ಳುವವರೂ ಇದಕ್ಕೆ ಬದ್ಧರು, ಎಂದಿತ್ತು.

ಕೊಳ್ಳುವವರ ವಕೀಲ ಅದನ್ನು ಓದಿದ. ಕೊಳ್ಳುವವರು ಹಿಂದೆ ಸರಿದರು. ಆಮೇಲೆ ಬಂದ ಇಬ್ಬರೂ ಅಷ್ಟೇ. ಗುತ್ತಿಗೆಯನ್ನು ಮನೆಗೊಂದರಂತೆ ಬೇರೆ ಮಾಡಿಸಬೇಕಾದರೆ ಐದು ಮನೆಯ ಯಜಮಾನರೂ ಸಹಿ ಹಾಕಬೇಕು. ಸ್ಪೇನಿನವನಿಂದ ಉತ್ತರವೇ ಇಲ್ಲ. ಪಟ್ಟಿ ಯಾಕೆ ಕಳಿಸಿದಿರಿ ಅಂತ ಟ್ಯಾಟರ್ಸಾಲ್ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮೋರ್ಕಮ್‌ನ ಕೋಣೆ ಬೇರೆಯವರ ಪಾಲಾಯಿತು. ಎನಿಡ್ ತಟ್ಟೆಗಳನ್ನು ಒಂದೊಂದಾಗಿ ಬಿಚ್ಚಿ, ತೊಳೆದು, ಮೊದಲಿದ್ದ ಜಾಗಕ್ಕೇ ಇಟ್ಟಳು.

ಮಾರ್ಚಿನಲ್ಲಿ ಬಿಲ್ಲು ಬಂತು, ಹತ್ತು ಪೌಂಡು. ಅವಳು ಹದಿಮೂರು ಮೆಟ್ಟಿಲು ಕೂತು ಇಳಿದು, ಡಬ್ಬಿ ಹಿಡಿದು ನಸ್ರೀನಳ ಬಾಗಿಲು ತಟ್ಟಿದಳು.

"ಆಂಟಿ, ಈ ಕಾಲಲ್ಲಿ ಯಾಕೆ ಓಡಾಡ್ತೀರಿ? ಡಬ್ಬಿ ಕೊಡಿ, ಉಳಿದ ಮನೆಗೆ ನಾನು ಹೋಗಿ ಬರ್ತೀನಿ."

ಎನಿಡ್ ಡಬ್ಬಿಯನ್ನು ಕಂಕುಳಿಗೆ ಒತ್ತಿಕೊಂಡಳು.

"ಬೇಡಮ್ಮ. ನೀನು ಒಂದು ಸಲ ಎತ್ತಿದೆ ಅಂದರೆ ನಿನ್ನ ಹೆಸರು ಬರ್ಕೊಂಡುಬಿಡ್ತಾರೆ. ಎರಡು ಪೌಂಡು ಕೊಡು, ಸಾಕು."

ಕೊಟ್ಟದ್ದನ್ನು ಡಬ್ಬಿಗೆ ಹಾಕಿಕೊಂಡು, ಗೋಡೆ ಹಿಡಿದು ಆರನೇ ನಂಬರಿನ ಕಡೆ ಹೊರಟಳು. ಈ ಸಲ ಪಟ್ಟಿ ಬರೆಯಲಿಲ್ಲ.