ಮರದ ಬರುವ ಮುಖ

ಕಾಡಿನ ಗೇಟಿನಲ್ಲಿ ಕೂತು ಚಾರಣಕ್ಕೆ ಬರುವವರಿಗೆ ಮರದ ಬಿಲ್ಲೆ ಕೊಡುವುದು ನನ್ನ ಕೆಲಸ. ಒಳಗೆ ಹೋಗುವಾಗ ಒಂದು ಬಿಲ್ಲೆ ತೆಗೆದುಕೊಳ್ಳಬೇಕು, ಹೊರಗೆ ಬಂದಾಗ ಅದನ್ನು ಹಲಗೆಯ ಮೊಳೆಗೆ ತಿರುಗಿ ನೇತುಹಾಕಬೇಕು. ಸಂಜೆ ಎಷ್ಟು ಮೊಳೆ ಖಾಲಿ ಇವೆಯೋ ಅಷ್ಟು ಜನ ಇನ್ನೂ ಕಾಡಿನಲ್ಲಿದ್ದಾರೆ ಎಂದರ್ಥ. ಇಷ್ಟು ಸುಲಭದ ಮಾತನ್ನು ತಿಳಿಸಿ ಹೇಳುವಷ್ಟರಲ್ಲಿ ನನ್ನ ಗಂಟಲ ಪಸೆ ಆರಿಹೋಗುತ್ತದೆ. ಕೆಲವರು ಬಿಲ್ಲೆಯನ್ನು ನೆನಪಿಗೆಂದು ಮನೆಗೇ ಒಯ್ದುಬಿಡುತ್ತಾರೆ. ಅಂಥವರಿಗೆ ನಾನು ಹಾಕಿರುವ ಶಾಪವನ್ನು ಇಲ್ಲಿ ಬರೆಯುವುದು ಬೇಡ.

ನಾನು ಹೇಳಹೊರಟದ್ದು ಬಣ್ಣದಕ್ಕನ ವಿಷಯ. ಗೇಟಿನಿಂದ ಹೊರಟ ಕಾಲುದಾರಿ ಕಾಡಿನೊಳಗೆ ಹಾಯ್ದು ಜಲಪಾತಕ್ಕೆ ಹೋಗುತ್ತದೆ. ಅಲ್ಲಿಂದ ಬಂಡೆಗಳ ಪಕ್ಕದಲ್ಲಿ ಹತ್ತಿದರೆ ವ್ಯೂಪಾಯಿಂಟ್. ಕಬ್ಬಿಣದ ಕಂಬಿ, ಒಂದು ಬೆಂಚು, ಮುಂದೆ ಕಣಿವೆ. ವಾಪಸ್ ಬರುವುದೂ ಅದೇ ದಾರಿಯಲ್ಲಿ. ಆದರೆ ಹೋಗುವಾಗ ನೋಡಿದ ದಾರಿ ಬರುವಾಗ ಬೇರೆಯೇ ಕಾಣುತ್ತದೆ, ಕಾಡಿನ ಗುಣವೇ ಅದು. ಅದಕ್ಕಾಗಿ ದಾರಿಯ ಪಕ್ಕದ ಮರಗಳಿಗೆ ಎರಡೆರಡು ಹಳದಿ ಗುರುತು ಹಾಕುತ್ತಾರೆ. ಹೋಗುವವರ ಕಣ್ಣಿಗೆ ಬೀಳುವ ಕಡೆ ಒಂದು, ಅದೇ ಮರದ ಹಿಂದೆ, ಬರುವವರ ಕಣ್ಣಿಗೆ ಬೀಳುವಂತೆ ಇನ್ನೊಂದು. ನಮ್ಮಲ್ಲಿ ಇವಕ್ಕೆ ಹೋಗುವ ಮುಖ, ಬರುವ ಮುಖ ಎನ್ನುತ್ತೇವೆ.

ಈ ಗುರುತು ಬಳಿಯುತ್ತಿದ್ದವರು ಗಂಡ ಹೆಂಡತಿ. ಬಣ್ಣದಣ್ಣ, ಬಣ್ಣದಕ್ಕ ಎಂದೇ ಎಲ್ಲರೂ ಕರೆಯುತ್ತಿದ್ದೆವು. ಹೋಗುವ ಮುಖ ಅವಳದು, ಬರುವ ಮುಖ ಅವನದು. ಹೋಗುವಾಗ ಅವಳು ಪಾಚಿ ಕೆರೆದು ಬಣ್ಣ ಹಚ್ಚುತ್ತ ನಡೆದರೆ ಅವನು ಊಟದ ಚೀಲ ಹೊತ್ತು ಹಿಂದೆ ಬರುತ್ತಿದ್ದ. ವಾಪಸ್ ಬರುವಾಗ ಅವನು ಬಳಿಯುತ್ತಿದ್ದ, ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡ ಬಟ್ಟೆಯ ಚೂರಿನಲ್ಲಿ ಅವನು ಸುರಿಸಿದ್ದನ್ನು ಒರೆಸುತ್ತ ಹಿಂದೆ ಬರುತ್ತಿದ್ದಳು. ಅವನದು ಧಾರಾಳದ ಕೈ. ಬ್ರಶ್ಶು ತುಂಬ ಬಣ್ಣ ಎತ್ತಿ ಮರಕ್ಕೆ ಮೆತ್ತುವುದು, ಅದು ಬಾಲದ ಹಾಗೆ ಕೆಳಕ್ಕೆ ಇಳಿಯುವುದು.

"ಎಷ್ಟು ಸಲ ಹೇಳಲಿ ನಿಮಗೆ, ಡಬ್ಬದ ಅಂಚಿಗೆ ಒರೆಸಿ ಬಳೀರಿ ಅಂತ" ಎಂದು ಅವಳು ಬೈಯುವುದು, ಅವರು ಕಣ್ಣಿಗೆ ಬೀಳುವ ಮೊದಲೇ ನನ್ನ ಗೇಟಿಗೆ ಕೇಳಿಸುತ್ತಿತ್ತು. ಅವಳು ಒರೆಸಿದ ಮೇಲೂ ಅರ್ಧ ಬಾಲ ಉಳಿದೇ ಇರುತ್ತಿತ್ತು. ಎತ್ತು ಏರಿಗೆ, ಕೋಣ ನೀರಿಗೆ ಎನ್ನುವ ಹಾಗಿದ್ದರೂ ಒಬ್ಬರನ್ನು ಬಿಟ್ಟು ಒಬ್ಬರು ಕಾಡಿಗೆ ಹೋದದ್ದನ್ನು ನಾನು ನೋಡಿಲ್ಲ.

ಅವನು ಸತ್ತದ್ದು ಕಾಡಿನಲ್ಲಲ್ಲ. ಗೇಟಿನ ಹಿಂದಿರುವ ಎರಡು ಕೋಣೆಯ ಅವರ ಕ್ವಾರ್ಟರ್ಸಿನಲ್ಲಿ, ಅಡುಗೆಮನೆಯ ನಲ್ಲಿಯ ಕೆಳಗೆ ಕೈ ತೊಳೆಯುತ್ತ ನಿಂತಿದ್ದವನು ಹಾಗೇ ಕುಸಿದ. ಅವಳು ಒಲೆಯ ಮುಂದಿದ್ದಳು. ಮೊದಲು ಮಾಡಿದ ಕೆಲಸ ನಲ್ಲಿ ನಿಲ್ಲಿಸಿದ್ದು. ಆಮೇಲೆ ಗೇಟಿನ ಪಕ್ಕದ ನನ್ನ ಕಿಟಕಿಗೆ ಬಂದು, "ಅಕ್ಕ, ಇವರು ಏಳ್ತಾ ಇಲ್ಲ" ಎಂದಳು. ಹಾಲಿನವನು ಇವತ್ತು ಹಾಲು ಕಡಿಮೆ ಹಾಕಿದ್ದಾನೆ ಎಂದು ಹೇಳುವಾಗ ಇರುವ ದನಿ ಅದು. ಆವತ್ತಿನಿಂದ ಆ ದನಿ ಬದಲಾಗಲಿಲ್ಲ.

ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಅಳಲಿಲ್ಲ. ಬೇಗ ಎದ್ದಳು, ಅಡುಗೆ ಮಾಡಿದಳು, ಜೊತೆಗಿದ್ದ ಅತ್ತೆಗೆ ಬಡಿಸಿದಳು, ಬಣ್ಣದ ಚೀಲ ಹೆಗಲಿಗೇರಿಸಿ ಕಾಡಿಗೆ ಹೋದಳು, ಬಂದಳು. ಏನು ಕೇಳಿದರೂ ಉತ್ತರ ಎರಡೇ: "ಸರಿ", ಇಲ್ಲವೆ "ನೋಡೋಣ". ಸಾರಿಗೆ ಉಪ್ಪು ಮರೆತಳು, ಇನ್ನೊಂದು ದಿನ ಎರಡು ಸಲ ಹಾಕಿದಳು, ಎರಡನ್ನೂ ಒಂದೇ ಮುಖದಲ್ಲಿ ಉಂಡಳು. ಅವನ ಬ್ರಶ್ಶು ಮನೆಯ ಕಿಟಕಿಕಟ್ಟೆಯ ಮೇಲಿನ ಗಾಜಿನ ಬಾಟಲಿಯಲ್ಲಿತ್ತು. ಟರ್ಪೆಂಟೈನ್ ಆರಿ ಅದರ ಕೂದಲು ಮರದ ತುಂಡಿನಂತೆ ಗಟ್ಟಿಯಾಯಿತು. ಅದನ್ನು ಎಸೆಯಲೂ ಇಲ್ಲ, ಮುಟ್ಟಲೂ ಇಲ್ಲ. ಧೂಳು ಒರೆಸುವಾಗ ಬಾಟಲಿಯ ಸುತ್ತ ಒರೆಸುತ್ತಿದ್ದಳು.

ಅತ್ತೆಯ ಪಾಡು ಕೇಳಬೇಡಿ. ಆಕೆ ಮಾತಿನ ಮಲ್ಲಿ, ಎದುರಿಗಿದ್ದವರು ಹೂಂಗುಟ್ಟದಿದ್ದರೆ ಜೀವ ನಿಲ್ಲದು. ಸೊಸೆಯಿಂದ ಮಾತು ಹೊರಡದಿದ್ದಾಗ ನನ್ನ ಕಿಟಕಿಗೆ ಬಂದು ಕೂರುತ್ತಿದ್ದಳು.

"ಗೋಡೆ ಹತ್ರ ಮಾತಾಡಿದ್ರೆ ಪ್ರತಿಧ್ವನಿನಾದ್ರೂ ಬರುತ್ತೆ ಕಣೆ" ಎನ್ನುತ್ತಿದ್ದಳು. "ನನಗೂ ಹೋಗಿರೋದು ಮಗ. ನಾನೂ ಬಾಯಿ ಮುಚ್ಕೊಂಡು ಕೂತ್ರೆ ಆ ಮನೇಲಿ ಗಡಿಯಾರ ಒಂದೇ ಬದುಕಿರೋದು."

ಮುದುಕಿಗೆ ಒಂದೇ ಆಸೆ. ಮಗ ದಿನವೂ ಎಲ್ಲಿಗೆ ಹೋಗುತ್ತಿದ್ದ, ಆ ಮೇಲಿನ ಬೆಂಚು, ಆ ಕಣಿವೆ, ಒಮ್ಮೆ ಕಣ್ಣಾರೆ ನೋಡಬೇಕು. ಅವನಿದ್ದಾಗ ಮಂಡಿನೋವೆಂದು ಮುಂದೂಡಿದ್ದಳು. ಈಗ ಸೊಸೆಯನ್ನು ಕೇಳಿದಾಗೆಲ್ಲ ಬಂದ ಉತ್ತರ ನಿಮಗೆ ಗೊತ್ತೇ ಇದೆ: ನೋಡೋಣ.

ಹೀಗೆ ಎರಡು ಮಳೆಗಾಲ ಕಳೆದವು. ಆಮೇಲೆ ಜನ ದಾರಿ ತಪ್ಪತೊಡಗಿದರು. ಬಿಲ್ಲೆಗಳು ತಡವಾಗಿ ಬರುತ್ತಿದ್ದವು, ತಂದವರ ಕೈಕಾಲು ತರಚಿರುತ್ತಿತ್ತು. ಕತ್ತೆತ್ತದೆ ಫೋನು ನೋಡಿಕೊಂಡು ನಡೆದರೆ ಇನ್ನೇನಾಗುತ್ತದೆ ಎಂದು ನಾನು ಅವರಿಗೇ ಮಂಗಳಾರತಿ ಎತ್ತಿದೆ. ದೂರು ಅರಣ್ಯ ಇಲಾಖೆಯ ಆಫೀಸಿಗೆ ಹೋಯಿತು. ಸಾಹೇಬರು ಬಣ್ಣದಕ್ಕನನ್ನು ಕರೆಸಿ, ಇನ್ನೊಬ್ಬರು ದಾರಿ ತಪ್ಪಿದರೆ ಜಲಪಾತದ ದಾರಿಯನ್ನೇ ಮುಚ್ಚುತ್ತೇವೆ, ನಿನ್ನನ್ನು ಆಫೀಸಿನ ತೋಟದ ಕೆಲಸಕ್ಕೆ ಹಾಕುತ್ತೇವೆ ಎಂದರು. ವಾಪಸ್ ಬಂದು ಅದನ್ನು ನನಗೆ ಹೇಳಿದಳು.

"ನೀನೇನಂದೆ?" ಎಂದೆ.

"ಸರಿ ಅಂದೆ. ಗುರುತೆಲ್ಲ ಬಳಿದಿದ್ದೀನಿ ಅಂದೆ. ಬಳಿದಿದ್ದೀನಲ್ಲ."

ಆ ಕಾಡೊಂದೇ ಅವಳಿಗೆ ಉಳಿದಿತ್ತು. ಅದನ್ನೂ ಕಿತ್ತುಕೊಳ್ಳುತ್ತೇವೆ ಎಂದವರಿಗೆ ಸರಿ ಎಂದು ಬಂದಿದ್ದಳು. ನನಗೆ ಮೈ ಉರಿಯಿತು. ಬೈದೆ. ಅದಕ್ಕೂ ಸರಿ ಎಂದಳು.

ಅವಳು ಆಫೀಸಿನಲ್ಲಿದ್ದ ಆ ಬೆಳಿಗ್ಗೆಯೇ ಮುದುಕಿ ಊರುಗೋಲು ಹಿಡಿದು ಗೇಟಿಗೆ ಬಂದಿದ್ದಳು. ಜಲಪಾತದ ತನಕ ಎಂದಳು, ಬಿಲ್ಲೆ ಕೇಳಿ ತೆಗೆದುಕೊಂಡಳು. "ನಿಧಾನವೇ ಪ್ರಧಾನ. ನನ್ನ ಸೊಸೆ ಹಾಕಿರೋ ಗುರುತಿದೆ, ದಾರಿ ತಪ್ಪೋಕೆ ನಾನೇನು ಪ್ಯಾಟೆಯವಳಾ" ಎಂದಳು. ತಡೆದರೆ ಕೇಳುವ ಹೆಂಗಸಲ್ಲ.

ಬಿಸಿಲು ಇಳಿಯತೊಡಗಿದರೂ ಆ ಮೊಳೆ ಖಾಲಿಯೇ ಇತ್ತು. ಸೊಸೆಗೆ ಹೇಳಿದೆ. ಅವಳು ಹಲಗೆ ನೋಡಿದಳು, ಬಣ್ಣದ ಚೀಲ ಹೆಗಲಿಗೇರಿಸಿದಳು. ಹುಡುಕಲು ಹೋಗುವಾಗ ಬಣ್ಣ ಯಾಕೆ ಎಂದು ನಾನು ಕೇಳಲಿಲ್ಲ, ಅವಳಿಗೂ ಗೊತ್ತಿದ್ದಿರಲಾರದು. ಗೇಟಿಗೆ ಬೀಗ ಹಾಕಿ ನಾನೂ ಹೊರಟೆ.

ಗೇಟು ಬಿಟ್ಟು ಒಳಗೆ ಹೋಗಿ ನನಗೆ ವರ್ಷಗಳೇ ಆಗಿದ್ದವು. ಹಳದಿ ಗುರುತುಗಳು ಮರದಿಂದ ಮರಕ್ಕೆ ಕೈ ಹಿಡಿದು ಕರೆದೊಯ್ದವು. ಅಂಗೈಯಗಲ, ಅಂಚು ನೇರ, ಒಂದು ಹನಿಯೂ ಇಳಿದಿಲ್ಲ. ಇಷ್ಟು ಚೊಕ್ಕಟವಾದ ದಾರಿಯಲ್ಲಿ ಜನ ಹೇಗೆ ತಪ್ಪುತ್ತಾರೆ ಎಂದುಕೊಂಡೆ. ಜಲಪಾತದ ಬಳಿ ಯಾರೂ ಇರಲಿಲ್ಲ. ನೀರಿನ ಸದ್ದಿನಲ್ಲಿ ನಾನು ಕೂಗಿದ್ದು ನನಗೇ ಕೇಳಿಸಲಿಲ್ಲ. ಬಂಡೆಗಳ ಪಕ್ಕದಲ್ಲಿ ಹತ್ತಿದೆವು. ನನಗೆ ಏದುಸಿರು, ಅವಳ ಮುಖದಲ್ಲಿ ಬೆವರು ಬಿಟ್ಟರೆ ಬೇರೇನೂ ಇಲ್ಲ.

ಮುದುಕಿ ವ್ಯೂಪಾಯಿಂಟಿನ ಸ್ವಲ್ಪ ಕೆಳಗೆ ಒಂದು ದಪ್ಪ ಮರದ ಬುಡದಲ್ಲಿ ಕಾಲು ಚಾಚಿ ಕೂತಿದ್ದಳು. ಸೆರಗಿನ ತುಂಬ ಒಣ ಎಲೆ, ಮೊಣಕೈ ತರಚಿತ್ತು.

"ಅತ್ತೆ, ಏಳಿ, ಹೋಗೋಣ" ಎಂದಳು ಸೊಸೆ.

"ಮೇಲೆ ಹೋಗಿ ನೋಡ್ಕೊಂಡು ಬಂದೆ. ಬೆಂಚಿನ ಮೇಲೂ ಕೂತೆ" ಎಂದಳು ಮುದುಕಿ. "ಬರೋವಾಗ ಮೂರು ಕಡೆ ಹೋದೆ. ಎಲ್ಲಾ ಕಡೆ ದಾರಿ ಇದ್ದ ಹಾಗೇ ಇದೆ. ದಾರಿ ತಪ್ಪಿದ್ರೆ ಕಡೇ ಗುರುತಿನ ಹತ್ರ ವಾಪಸ್ ಬಂದು ಕೂತ್ಕೋಬೇಕು ಅಂತ ಮಗ ಹೇಳ್ತಿದ್ದ. ಹುಡುಕ್ಕೊಂಡು ಬಂದು ಕೂತೆ." ಊರುಗೋಲಿನಿಂದ ಮರ ತಟ್ಟಿದಳು. "ಹೋಗೋಕೆ ಗುರುತು ಹಾಕಿದ್ದೀಯಲ್ಲ, ಬರೋಕೆ ಎಲ್ಲಿ?"

ನಾನು ತಿರುಗಿ ಹತ್ತಿದ ದಾರಿಯನ್ನು ನೋಡಿದೆ. ಈ ಕಡೆಯಿಂದ ಒಂದು ಮರದ ಮೇಲೂ ಹಳದಿ ಇಲ್ಲ. ಬರೀ ಪಾಚಿ. ಎರಡು ವರ್ಷ ಅವಳು ಬಳಿಯುತ್ತ ಹತ್ತಿದ್ದಳು, ಡಬ್ಬ ಮುಚ್ಚಿ ತಲೆ ತಗ್ಗಿಸಿ ಇಳಿದಿದ್ದಳು.

ಅವಳೂ ನೋಡಿದಳು.

"ಅದು ಅವರ ಕೆಲಸ" ಎಂದಳು.

ಮುದುಕಿ ಮರ ಹಿಡಿದು ಎದ್ದು, ಅದರ ಬರುವ ಮುಖದ ಪಾಚಿಯನ್ನು ಉಗುರಿನಲ್ಲಿ ಕೆರೆದಳು. ಕೆಳಗೆ ಮಾಸಿದ ಹಳದಿ ಸ್ವಲ್ಪವೇ ಸ್ವಲ್ಪ ಉಳಿದಿತ್ತು, ಅದರಿಂದ ಕೆಳಕ್ಕೆ ಒಂದು ಗೆರೆ.

"ಅವನದೇ" ಎಂದಳು. "ಚಿಕ್ಕವನಿದ್ದಾಗ ಹಾಲು ಕುಡಿದ್ರೂ ಹೀಗೇ, ಗಲ್ಲದ ಮೇಲೆ ಒಂದು ಗೆರೆ. ಡಬ್ಬ ತೆಗಿ."

ಬಣ್ಣದಕ್ಕ ಡಬ್ಬ ತೆರೆದಳು, ಬ್ರಶ್ಶು ಅದ್ದಿದಳು. ಮರದ ಹತ್ತಿರ ಒಯ್ದ ಕೈ ಅಲ್ಲೇ ನಿಂತಿತು.

"ಬಳಿದ್ರೆ ಇದು ಮುಚ್ಚಿಹೋಗುತ್ತೆ ಅತ್ತೆ."

"ಬಳೀದೆ ಇದ್ರೂ ಹೋಗ್ತಾ ಇದೆಯಲ್ಲೇ" ಎಂದಳು ಮುದುಕಿ. ಸೊಸೆಯ ಕೈ ಅಲುಗದಿದ್ದಾಗ ಬ್ರಶ್ಶನ್ನು ತಾನೇ ತೆಗೆದುಕೊಂಡಳು. "ಹೆತ್ತವಳು ನಾನು. ಮುಚ್ಚೋದಿದ್ರೆ ನಾನೇ ಮುಚ್ತೀನಿ."

ಅವಳು ಜೀವಮಾನದಲ್ಲಿ ಬಣ್ಣ ಹಚ್ಚಿದವಳಲ್ಲ. ಡಬ್ಬದಲ್ಲಿ ಬ್ರಶ್ಶು ಮುಳುಗಿಸಿ, ಎತ್ತಿ, ಮಗನ ಗುರುತಿನ ಮೇಲೆ ಮೆತ್ತಿದಳು. ಅಂಚು ಸೊಟ್ಟ, ಅವಳ ಮುಂಗೈಯೆಲ್ಲ ಹಳದಿ. ಗುರುತಿನ ಕೆಳಗಿಂದ ಬಣ್ಣ ದಪ್ಪಗೆ ಹೊರಟು, ಹಳೆಯ ಗೆರೆ ಇದ್ದ ಜಾಗದಲ್ಲೇ ಇಳಿಯತೊಡಗಿತು.

ಬಣ್ಣದಕ್ಕನ ಕೈ ಸೊಂಟದ ಬಟ್ಟೆಗೆ ಹೋಯಿತು.

"ಎಷ್ಟು ಸಲ ಹೇಳಲಿ ನಿಮಗೆ, ಡಬ್ಬದ ಅಂಚಿಗೆ ಒರೆಸಿ ಬಳೀರಿ ಅಂತ" ಎಂದಳು.

ನನ್ನ ಗೇಟಿಗೆ ಕೇಳಿಸುತ್ತಿದ್ದ ದನಿ ಅದು. ಅಷ್ಟೇ ಜೋರು, ಅಷ್ಟೇ ಸಿಟ್ಟು. ಹೇಳಿದವಳು ತಾನೇ ಬೆಚ್ಚಿ ಬಾಯಿಗೆ ಕೈ ಒತ್ತಿಕೊಂಡಳು. ಆಮೇಲೆ ಆ ಮರದ ಬುಡದಲ್ಲಿ ಕುಸಿದು ಕೂತು, ಎರಡು ಮಳೆಗಾಲ ಅಳದೆ ಇಟ್ಟುಕೊಂಡದ್ದನ್ನು ಅತ್ತಳು. ಮುದುಕಿ ಹಳದಿ ಕೈಯನ್ನು ಅವಳ ತಲೆಯ ಮೇಲಿಟ್ಟು ನಿಂತಳು. ನಾನು ಕಣಿವೆಯ ಕಡೆ ತಿರುಗಿ ನಿಂತೆ.

ಬೆಳಕಿರುವಾಗಲೇ ಇಳಿಯಬೇಕಿತ್ತು. ಅವಳು ಮುಖ ಒರೆಸಿಕೊಂಡು ಎದ್ದಳು, ಡಬ್ಬ ಮುಚ್ಚಲಿಲ್ಲ. ಮುಂದಿನ ಮರದ ಬಳಿ ನಿಂತು, ಅದರ ಬರುವ ಮುಖವನ್ನು ಹುಡುಕಿ, ಪಾಚಿ ಕೆರೆಯತೊಡಗಿದಳು. ಬಟ್ಟೆಯ ಚೂರು ಮೊದಲ ಮರದ ಬುಡದಲ್ಲೇ, ಒರೆಸದೆ ಬಿಟ್ಟ ಹಳದಿ ಗೆರೆಯ ಕೆಳಗೆ ಬಿದ್ದಿತ್ತು. ನಾನು ಎತ್ತಿ ಕೊಡಲು ಹೋದಾಗ, "ಬೇಡ ಅಕ್ಕ, ಅಲ್ಲೇ ಇರಲಿ" ಎಂದಳು.