ಇವೋನಾಳ ಓಟು

ಲಿಂಗ ಮುಟ್ಟಿ ಮಾತು ಕೊಟ್ಟು, ಮುರಿದೆ. ಮುರಿದ ಮೇಲೆ, ಉಳಿಸಿಕೊಂಡೆ ಎಂದು ಸುಳ್ಳು ಹೇಳಿದೆ. ಅದನ್ನು ನಂಬಿದವಳು ಇವೋನಾ — ಪೋಲೆಂಡಿನವಳು, ಇಂಗ್ಲೆಂಡಿನಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯವಳು.

ಈಗ ನಾನು ಹೈದರಾಬಾದಿನ ಮಿಯಾಪುರದಲ್ಲಿದ್ದೇನೆ. ಆಗ ನಮ್ಮ ಯಜಮಾನರನ್ನು ಅವರ ಕಂಪನಿ ಕೆಲವು ವರ್ಷ ಇಂಗ್ಲೆಂಡಿನ ಒಂದು ಸಣ್ಣ ಊರಿಗೆ ಕಳಿಸಿತ್ತು. ಅವರ ಹಿಂದೆ ನಾನೂ ಹೋಗಿದ್ದೆ. ಅಲ್ಲಿ ನನಗೆ ಪಿತ್ತಕೋಶದ ಆಪರೇಷನ್ ಆಯಿತು. ಇವೋನಾ ಅಂಗಡಿಗೆ ಹೋಗಿ ಹೊಸ ಪಾತ್ರೆಯೊಂದನ್ನು ತಂದಳು — ತನ್ನ ಪಾತ್ರೆಗಳಲ್ಲಿ ಮಾಂಸ ಬೇಯುತ್ತದೆ, ಇವಳು ಉಣ್ಣಲಾರಳು ಎಂದು. ಅದರಲ್ಲಿ ಮೆತ್ತಗೆ ಅನ್ನ ಮಾಡಿ ನನಗೆ ಉಣಿಸಿದಳು. ಅವಳ ಕೊರಳಲ್ಲಿ ಮೇರಿ ತಾಯಿಯ ಪದಕ, ನನ್ನ ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ. ಇದರೊಳಗೆ ನನ್ನ ದೇವರಿದ್ದಾನೆ, ಮೈಯಿಂದ ಎಂದೂ ಅಗಲಿಸುವುದಿಲ್ಲ, ಇದನ್ನು ಮುಟ್ಟಿ ಸುಳ್ಳಾಡುವುದಿಲ್ಲ — ಎಲ್ಲವನ್ನೂ ಅವಳಿಗೆ ನಾನೇ ಹೇಳಿಕೊಟ್ಟಿದ್ದೆ.

ಯುರೋಪಿನ ಒಕ್ಕೂಟದಲ್ಲಿ ಇರೋಣವೋ, ಬಿಡೋಣವೋ ಎಂದು ಆ ದೇಶ ಜನರನ್ನು ಕೇಳಿತು. ವಿಚಿತ್ರವೆಂದರೆ, ನಿನ್ನೆ ಮೊನ್ನೆ ಹೋದ ನಮಗೆ ಓಟು ಇತ್ತು. ಹಿಂದೆ ಅವರದೇ ರಾಜ್ಯವಾಗಿದ್ದ ದೇಶದವರಲ್ಲವೇ ನಾವು, ಆ ಲೆಕ್ಕದಲ್ಲಿ. ವರ್ಷಗಟ್ಟಲೆ ಅಲ್ಲಿಯೇ ಬೆವರು ಸುರಿಸಿದ ಇವೋನಾಗೆ ಇರಲಿಲ್ಲ. ಅವಳ ಹಣೆಬರಹ ಬರೆಯುವ ಚೀಟಿ ನನ್ನ ಕೈಗೆ ಬಂತು. ಒಂದು ಮಧ್ಯಾಹ್ನ ನಮ್ಮ ಅಡುಗೆಮನೆಗೆ ಬಂದು ಕುಳಿತಳು. "ನನ್ನ ಪಾಲಿನ ಓಟನ್ನೂ ನೀನೇ ಹಾಕು. ಇರೋಣ ಅನ್ನುವುದಕ್ಕೆ ಹಾಕು," ಎಂದಳು. ಆಮೇಲೆ ನಾಚುತ್ತ ನನ್ನ ಕೊರಳಿನ ಕಡೆ ಬೆರಳು ತೋರಿಸಿದಳು. ನಾನು ಕರಡಿಗೆಯನ್ನು ಹಿಡಿದು ಹೇಳಿದೆ — ಲಿಂಗದಾಣೆ.

ಹೇಳುವಾಗ ಮನಸ್ಸಿನಲ್ಲಿ ಕಪಟವಿರಲಿಲ್ಲ. ಅಥವಾ — ಇರಲಿಲ್ಲವೆಂದು ಈಗ ಅಂದುಕೊಳ್ಳುತ್ತಿದ್ದೇನೋ.

ನನ್ನ ತಮ್ಮ ಶಿವು ಹೈದರಾಬಾದಿನ ನಾರಾಯಣಗೂಡದಲ್ಲಿ, ಖಾನಾವಳಿಯೊಂದರ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದ. ನಾವಿದ್ದ ಇಂಗ್ಲೆಂಡಿನ ಊರಿನ ಭಾರತೀಯ ಹೋಟೆಲ್ ಮಾಲೀಕರೊಬ್ಬರು ಅವನನ್ನು ಕರೆಸಿಕೊಳ್ಳಲು ತಯಾರಿದ್ದರು. ವೀಸಾ ಮಾತ್ರ ಇಲ್ಲ. ಓಟಿಗೆ ಮುಂಚೆ ಒಬ್ಬ ರಾಜಕಾರಣಿ ಭಾರತದವರ ಸಭಾಭವನಕ್ಕೆ ಬಂದ. ಹಾರ ಹಾಕಿಸಿಕೊಂಡ, ಸಮೋಸ ತಿಂದ, ಕೈ ಮುಗಿದ. "ಯುರೋಪಿನವರಿಗೆ ಬಾಗಿಲು ಮುಚ್ಚೋಣ, ನಿಮ್ಮ ಅಡುಗೆಯವರಿಗೆ ತೆರೆಯುತ್ತೇವೆ," ಎಂದ. ಹೋಟೆಲಿನವರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಶಿವು ಫೋನಿನಲ್ಲಿ, "ಅಕ್ಕಾ, ಅವರು ಹ್ವಾದ್ರ ನಾವು ಬರ್ತೀವಂತಲ್ಲ! ನಿಂದೊಂದು ಓಟು ನನ್ನ ಟಿಕೇಟ್ ನೋಡವ್ವಾ," ಎಂದು ನಕ್ಕ. ಅವನು ನಕ್ಕದ್ದು ಚೇಷ್ಟೆಗೆ. ನನಗೆ ಅದು ಚೇಷ್ಟೆಯಾಗಿ ಉಳಿಯಲಿಲ್ಲ.

ಓಟಿನ ದಿನ ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿದೆ. ಆಮೇಲೆ — ಇದನ್ನು ಮೊನ್ನೆಯವರೆಗೆ ಯಾರಿಗೂ ಹೇಳಿರಲಿಲ್ಲ — ಕರಡಿಗೆಯನ್ನು ಕೊರಳಿಗೆ ಹಾಕಿಕೊಳ್ಳಲಿಲ್ಲ. ದೇವರ ಜಗಲಿಯ ಮೇಲೆಯೇ ಇಟ್ಟು, ಮೇಲೆ ಬಟ್ಟೆ ಮುಚ್ಚಿ ಹೊರಟೆ. ದೀಕ್ಷೆಯಾದಂದಿನಿಂದ ಹಾಗೆ ಮಾಡಿದವಳಲ್ಲ. ದೇವರು ನೋಡಬಾರದೆಂದು ದೇವರನ್ನೇ ಮನೆಯಲ್ಲಿ ಬಿಟ್ಟು ಹೋದೆ. ಯಜಮಾನರು ಚಹಾ ಕುಡಿಯುತ್ತ, "ನಮ್ಮೂರಾಗ ಓಟಿಗೆ ಹೋಗಂದ್ರ ಕಾಲು ನೋವು ಅಂತಿದ್ದಿ. ಇಲ್ಲಿ ನೋಡು, ರಾಣಿ ಹೇಳಿ ಕಳಿಸಿದಂಗ ಹೊಂಟಾಳ!" ಎಂದರು. ಅವರು ಹೋಗಲೇ ಇಲ್ಲ. ಅಲ್ಲಿ ಬೆರಳಿಗೆ ಶಾಯಿ ಹಚ್ಚುವುದಿಲ್ಲ. ಪೆನ್ಸಿಲಿನಿಂದ ಒಂದು ಗುರುತು, ಅಷ್ಟೆ. ಬಿಡೋಣ ಎನ್ನುವುದರ ಮುಂದೆ ಗುರುತು ಮಾಡಿದೆ. ಕೈ ನಡುಗಲಿಲ್ಲ. ನಡುಗಿತ್ತೆಂದು ಬರೆದರೆ ಇನ್ನೊಂದು ಸುಳ್ಳಾದೀತು.

ಮರುದಿನ ಫಲಿತಾಂಶ ಬಂತು — ಬಿಡುವುದೆಂದು. ಇವೋನಾ ಬಾಗಿಲಲ್ಲಿ ನಿಂತಿದ್ದಳು, ಕಣ್ಣು ಊದಿತ್ತು. ನನ್ನನ್ನು ತಬ್ಬಿಕೊಂಡು, "ನೀನಾದರೂ ನಾನು ಬೇಡ ಅನ್ನಲಿಲ್ಲ," ಎಂದಳು.

"ಅನ್ನಲಿಲ್ಲ, ಇವೋನಾ," ಎಂದೆ. ಲಿಂಗ ಆಗ ಕೊರಳಿಗೆ ಮರಳಿತ್ತು.

ಕೆಲವು ದಿನಗಳ ಮೇಲೆ ನಾವಿಬ್ಬರೂ ಬಸ್ಸಿನಲ್ಲಿ ಹೋಗುತ್ತಿದ್ದೆವು. ಒಬ್ಬ ಮುದುಕ ಎದ್ದು ನಿಂತು, "ಓಟು ಹಾಕಿಯಾಯಿತಲ್ಲ, ಇಬ್ಬರೂ ನಿಮ್ಮ ದೇಶಕ್ಕೆ ನಡೆಯಿರಿ," ಎಂದ. ಇವೋನಾ ನನ್ನ ಕೈ ಹಿಡಿದುಕೊಂಡಳು. ಅವಳು ನನ್ನನ್ನು ಕಾಯುತ್ತಿದ್ದಳು — ನನ್ನನ್ನು.

ಶಿವುಗೆ ವೀಸಾ ಸಿಗಲಿಲ್ಲ. ಸಮೋಸ ತಿಂದು ಹೋದವನು ಟೀವಿಯಲ್ಲಿ, ಹೊರಗಿನವರು ಯಾವ ಕಡೆಯಿಂದ ಬಂದರೂ ಹೆಚ್ಚೇ ಎಂದ. ಹೋಟೆಲಿನವರು ಅವನಿಗೆ ಹಿಡಿಶಾಪ ಹಾಕಿದರು, ಮುಂದೆ ಯಾರನ್ನೂ ನಂಬುವುದಿಲ್ಲ ಎಂದರು. ನಾನೂ ಶಾಪ ಹಾಕಿದೆ. ಅವನು ಕೊಟ್ಟ ಮಾತು ಮುರಿದ. ನಾನು ಕೊಟ್ಟದ್ದನ್ನು ನಾನು ಮುರಿದೆ. ಅವನು ನನಗೆ ಆಣೆ ಇಟ್ಟಿರಲಿಲ್ಲ.

ಇವೋನಾಗೆ ಸರ್ಕಾರದವರು, ಕಾಗದ ಮಾಡಿಸಿಕೊಂಡು ಇರಬಹುದು ಎಂದರಂತೆ. ಬೇಡವೆಂದವರ ನಡುವೆ ಹೇಗಿರಲಿ ಎಂದು ಅವಳು ಮನೆ ಖಾಲಿ ಮಾಡಿ ಪೋಲೆಂಡಿಗೆ ಹೋದಳು. ನಾವು ಹೈದರಾಬಾದಿಗೆ ಬಂದೆವು. ದಿನವೂ ಪೂಜೆಯಾದ ಮೇಲೆ ದೇವರು ಮಾಡಿದ ಉಪಕಾರಗಳನ್ನು ಎಣಿಸುವುದು ನನ್ನ ರೂಢಿ — ನಳದಲ್ಲಿ ನೀರು ಬಂತು, ಮಂಡಿ ನೋವು ಇಳಿಯಿತು, ಶಿವುಗೆ ಊಟಕ್ಕೆ ಕೊರತೆಯಿಲ್ಲ. ಎಷ್ಟೋ ವರ್ಷ ಅದರಲ್ಲಿ ಇದನ್ನೂ ಸೇರಿಸಿಕೊಂಡಿದ್ದೆ — ಇವೋನಾಗೆ ಗೊತ್ತಿಲ್ಲ. ನನ್ನ ಪಾಪ ಮುಚ್ಚಿಡುವ ಕೆಲಸವನ್ನೂ ದೇವರಿಗೇ ಹಚ್ಚಿದ್ದೆ.

ಮೊನ್ನೆ ಅವಳು ಫೋನಿನಲ್ಲಿ ಆ ಬೀದಿಯನ್ನೆಲ್ಲ ಬೈದಳು, ಅಲ್ಲಿನ ನಾಯಕರನ್ನು ಬೈದಳು. ಕೊನೆಗೆ, "ಅಷ್ಟು ಮಂದಿಯಲ್ಲಿ ನೀನೊಬ್ಬಳು ಇದ್ದೆ. ಅದಕ್ಕೇ ಮನುಷ್ಯರ ಮೇಲಿನ ನಂಬಿಕೆ ಪೂರ್ತಿ ಹೋಗಿಲ್ಲ," ಎಂದಳು. ಅಂದು ರಾತ್ರಿ ಯಜಮಾನರಿಗೆ ಎಲ್ಲವನ್ನೂ ಹೇಳಿದೆ.

"ಈಗ್ಯಾಕ ಹೇಳಾಕ ಹೋಗ್ತಿ ಆಕಿಗೆ? ಆರಿದ್ದನ್ನ ಕೆದರಬ್ಯಾಡ," ಎಂದರು.

"ಆರಿಲ್ಲರಿ. ನನ್ನೊಳಗ ಉರಿಯಾಕತ್ತೈತಿ."

ಬೆಳಿಗ್ಗೆ ನನ್ನ ಹರಕು ಇಂಗ್ಲಿಷಿನಲ್ಲಿ ಮಾತಾಡಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಅವಳಿಗೆ ಕಳಿಸಿದೆ. ಓಟು, ತಮ್ಮ, ಸುಳ್ಳು — ಯಾವುದನ್ನೂ ಬಿಡಲಿಲ್ಲ. ಅವಳು ಕೇಳಿಸಿಕೊಂಡ ಗುರುತು ಮಧ್ಯಾಹ್ನ ಬಂತು.

ಪ್ರತಿ ಭಾನುವಾರ ಚರ್ಚಿನಿಂದ ಬಂದ ಮೇಲೆ ಅವಳು ಫೋನು ಮಾಡುತ್ತಿದ್ದಳು. ಈ ಭಾನುವಾರ ಮಾಡಲಿಲ್ಲ. ನಾನೂ ಮಾಡಲಿಲ್ಲ. ಕ್ಷಮಿಸು ಎಂದರೆ ಕ್ಷಮಿಸಿಬಿಡುತ್ತಾಳೆ, ಅಂಥವಳು. ಅದಕ್ಕೇ ಕೇಳುವುದಿಲ್ಲ.